ಕ ಅಂದ್ರೆ ಕರಿಯ

ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ಹಲ್ಲಿ ಶಕುನ, ಕನಸಿನ ಫಲ, ಮನೆಮದ್ದುಗಳ ಪಕ್ಕ ಇನ್ನೊಂದು ತೆಳು ಪುಸ್ತಕ ಯಾವತ್ತೂ ನೇತಾಡುತ್ತಿರುತ್ತದೆ. ಮಕ್ಕಳಿಗೆ ಇಡುವ ಹೆಸರುಗಳ ಪುಸ್ತಕ. ಅಕ್ಷರದ ಪ್ರಕಾರ ಹೆಸರು, ಎದುರಿಗೆ ಅದರ ಅರ್ಥ. ಈಗ ಇದೇ ಪಟ್ಟಿ ಮೊಬೈಲಿಗೂ ಬಂದು ಕೂತಿದೆ. ಗೆಳೆಯರೇ, ಒಮ್ಮೆ ಅದರ 'ಕ' ಪುಟ ತೆಗೆದು ನೋಡಿ. ಕಮಲ, ಕಲ್ಯಾಣಿ, ಕವಿತಾ, ಕಾರ್ತಿಕ, ಕಿರಣ, ಕೀರ್ತನಾ, ಕುಮುದ, ಕೃಷ್ಣ, ಕೇಶವ, ಕೌಸ್ತುಭ. ಬೆರಳಿಟ್ಟು ಕೆಳಗಿನ ತನಕ ಹುಡುಕಿ. ನಾನು ನೋಡಿದ ಯಾವ ಪುಸ್ತಕದಲ್ಲೂ ಕರಿಯ ಇಲ್ಲ. ಕಾಳ ಇಲ್ಲ. ಕೆಂಪ, ಕೆಂಚ, ಕುಳ್ಳ ಇಲ್ಲ. ಕೆಂಪಮ್ಮ, ಕಾಳಮ್ಮ, ಕರಿಯಮ್ಮ, ಕಬ್ಬಾಳಮ್ಮ ಇಲ್ಲವೇ ಇಲ್ಲ. ನಮ್ಮ ಕೇರಿಯ ಒಂದು ಸಾಲಿನ ಅಷ್ಟೂ ಮನೆಯವರು ಆ ಪುಸ್ತಕದ ಪಾಲಿಗೆ ಹುಟ್ಟಿಯೇ ಇಲ್ಲ.

ಊರಿನಲ್ಲಿ ಹೊಲಗೇರಿಯನ್ನು ಹೊರಗಿಟ್ಟವರು ಅಕ್ಷರಮಾಲೆಯಲ್ಲೂ ಒಂದು ಹೊಲಗೇರಿ ಕಟ್ಟಿದ್ದಾರೆ ಅನ್ನುವುದು ನನ್ನ ಆರೋಪ. ಅದನ್ನು ಒಂದೇ ಅಕ್ಷರ ಹಿಡಿದು ಹೇಳುತ್ತೇನೆ. ಕಾಗುಣಿತ ಶುರುವಾಗುವ ಅಕ್ಷರವೇ ಸಾಕು.

ಈ ಪುಸ್ತಕಗಳ ಬೆನ್ನಿಗೆ ಪಂಚಾಂಗ ನಿಂತಿದೆ. 27 ನಕ್ಷತ್ರ, ನಕ್ಷತ್ರಕ್ಕೆ 4 ಪಾದ, ಪಾದಕ್ಕೊಂದು ಅಕ್ಷರ. ಮಗು ಮೃಗಶಿರದ 3 ಅಥವಾ 4ನೇ ಪಾದದಲ್ಲಿ ಹುಟ್ಟಿದರೆ ಕಾ, ಕಿ. ಆರಿದ್ರಾ ಮೊದಲ ಪಾದಕ್ಕೆ ಕು. ಪುನರ್ವಸುವಿನ ಮೊದಲೆರಡು ಪಾದಕ್ಕೆ ಕೆ, ಕೊ. ಹೀಗೆ ಕಕಾರವೆಲ್ಲ ಮಿಥುನ ರಾಶಿಯವರ ಸೊತ್ತು. (ಆರಿದ್ರಾ ಮೂರನೇ ಪಾದಕ್ಕೆ 'ಙ' ಅಂತ ಬರೆದಿದ್ದಾರೆ. ಙಕಾರದಲ್ಲಿ ಯಾವ ತಾಯಿ ತನ್ನ ಮಗುವನ್ನು ಉಣ್ಣಾಕೆ ಕೂಗಿಯಾಳು? ಪುರೋಹಿತರು ಇದನ್ನು ಯೋಚಿಸಿದ ಹಾಗಿಲ್ಲ.) ಮೃಗಶಿರ, ಆರಿದ್ರಾ, ಪುನರ್ವಸು ನಮ್ಮವರಿಗೂ ಚೆನ್ನಾಗಿ ಗೊತ್ತು. ಆದರೆ ನಮಗೆ ಅವು ಮಳೆಗಳು. ಯಾವ ಮಳೆಗೆ ಯಾವ ಬೀಜ, ಯಾವ ಮಳೆ ಕೈಕೊಟ್ಟರೆ ಯಾರ ಮನೆ ಬಾಗಿಲಿಗೆ ಸಾಲಕ್ಕೆ ಹೋಗಬೇಕು ಅನ್ನುವುದು ನಮ್ಮ ಪಂಚಾಂಗ. ಆರಿದ್ರಾ ಮಳೆಯಲ್ಲಿ ಧಣಿಯ ಹೊಲದ ಬದುವಿನ ಮೇಲೆ ಹೆತ್ತವಳಿಗೆ ಪಾದದ ಲೆಕ್ಕ ಹೇಳುವವರು ಯಾರಿದ್ದರು? ಮಗು ಕೆಂಪಗಿತ್ತು, ಕೆಂಪ ಅಂದಳು. ಕಪ್ಪಗಿತ್ತು, ಕರಿಯ ಅಂದಳು. ಹರಕೆ ಹೊತ್ತಿದ್ದು ಕಬ್ಬಾಳಮ್ಮನಿಗಾದರೆ ಕಬ್ಬಾಳಯ್ಯ, ಕೆಂಚಮ್ಮನಿಗಾದರೆ ಕೆಂಚ. ತುಳುನಾಡಿನಲ್ಲಿ ವಾರ ನೋಡಿ ಭಾನುವಾರದವನಿಗೆ ಐತ, ಶನಿವಾರದವನಿಗೆ ಚನಿಯ ಅಂದರು. ಹಿಂದಿನ ಎರಡು ಮಕ್ಕಳು ಸತ್ತಿದ್ದರೆ ಮೂರನೆಯದಕ್ಕೆ ಕಲ್ಲ. ಕಲ್ಲಿನಂತಾದರೂ ಉಳಿಯಲಿ ಎಂದು. ಇಷ್ಟರಲ್ಲಿ ಹೇಸಿಗೆ ಎಲ್ಲಿದೆ? ಕಣ್ಣಿಗೆ ಕಂಡಿದ್ದನ್ನು, ಕರುಳು ಬೇಡಿದ್ದನ್ನು ಅವಳು ಬಾಯಿಬಿಟ್ಟು ಹೇಳಿದಳು ಅಷ್ಟೇ.

ಹೇಸಿಗೆ ಬೇರೆ ಕಡೆಯಿಂದ ಬಂತು. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಸರಿಡುವುದಕ್ಕೂ ಕಾನೂನಿದೆ. 31ನೇ ಶ್ಲೋಕದ ಪ್ರಕಾರ ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಹಣವನ್ನೂ ಸೂಚಿಸಬೇಕು. ಶೂದ್ರನ ಹೆಸರು ಕೇಳಿದವರಿಗೆ ಜುಗುಪ್ಸೆ ಹುಟ್ಟಬೇಕು. ಅದರ ಮುಂದಿನ ಶ್ಲೋಕ ಹೆಸರಿನ ಬಾಲದ ಬಗ್ಗೆ. ಶೂದ್ರನ ಹೆಸರಿನ ಕೊನೆಯಲ್ಲಿ ಚಾಕರಿ ಕಾಣಬೇಕು. ವ್ಯಾಖ್ಯಾನ ಬರೆದ ಕುಲ್ಲೂಕಭಟ್ಟ, ಅವನದೂ ಕಕಾರವೇ ನೋಡಿ, ಮಾದರಿ ಕೊಡುತ್ತಾನೆ: ಶುಭಶರ್ಮ, ಬಲವರ್ಮ, ವಸುಭೂತಿ, ದೀನದಾಸ. ಶೂದ್ರನಿಗೇ ದೀನದಾಸ ಅಂದ ಮೇಲೆ ನಾಲ್ಕು ವರ್ಣದ ಲೆಕ್ಕಕ್ಕೇ ಸಿಗದ ನಮಗೇನು? ನಮಗೆ ಶ್ಲೋಕ ಬೇಕಿರಲಿಲ್ಲ, ಊರಿನ ಬಾಯಿ ಸಾಕಿತ್ತು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಈ ಪುಸ್ತಕವನ್ನು ಸುಡಿಸಿದರು. ಹಾಳೆ ಸುಟ್ಟಿತು. 31ನೇ ಶ್ಲೋಕ ಮಾತ್ರ ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ, ಪಹಣಿಯಲ್ಲಿ, ಕೂಲಿಯವರ ಪಟ್ಟಿಯಲ್ಲಿ ಬೆಚ್ಚಗೆ ಉಳಿದುಕೊಂಡಿದೆ.

ಈಗ ಆ ಹೆಸರಿನ ಪುಸ್ತಕದಲ್ಲಿ 'ಕೃಷ್ಣ'ನ ಎದುರಿಗೆ ಏನು ಬರೆದಿದೆ ನೋಡಿ. 'ವಿಷ್ಣುವಿನ ಅವತಾರ, ಮನೋಹರ' ಅಂತ ಬರೆದಿರುತ್ತಾರೆ. ಇದು ಅರ್ಥವಲ್ಲ, ಅರ್ಥದ ಮೇಲೆ ಹೊದಿಸಿದ ಶಾಲು. ಕೃಷ್ಣ ಅಂದರೆ ಕಪ್ಪು. ಕೃಷ್ಣಪಕ್ಷ ಅಂದರೆ ಕತ್ತಲ ಪಕ್ಷ. ಕೃಷ್ಣಸರ್ಪ ಅಂದರೆ ಕರಿನಾಗರ. ಕೃಷ್ಣಾಜಿನ ಅಂದರೆ ಕರಿಜಿಂಕೆಯ ತೊಗಲು. ಉಪನಯನದ ವಟುವಿಗೆ ಅದನ್ನು ಉಡಿಸುತ್ತಾರೆ, ತಪಸ್ಸಿಗೆ ಅದರ ಮೇಲೆ ಕೂರುತ್ತಾರೆ. ತೊಗಲು ಸುಲಿದು ಹದ ಮಾಡಿದವನು ಮೈಲಿಗೆಯವನು, ತೊಗಲ ಮೇಲೆ ಕೂತವನು ಮಡಿಯವನು. ಹಾಗೆಯೇ ಕಪ್ಪನ್ನು ಸಂಸ್ಕೃತದಲ್ಲಿ ಹೇಳಿದವನು ದೇವರು, ಕನ್ನಡದಲ್ಲಿ ಹೇಳಿದವನು ಆಳು. ಕೃಷ್ಣ ಅನ್ನಿ, ಕರಿಯ ಅನ್ನಿ, ಬಣ್ಣ ಒಂದೇ. ರಾಷ್ಟ್ರಕೂಟರ ಕೃಷ್ಣ ಎಂಬ ದೊರೆಗಳನ್ನು ಶಾಸನಗಳು ಕನ್ನರ ಅನ್ನುತ್ತವೆ. ಕೃಷ್ಣ ಎಂಬುದು ಪ್ರಾಕೃತದ ಬಾಯಲ್ಲಿ ಕಣ್ಹ ಆಗಿ ನಮ್ಮವರ ಬಾಯಲ್ಲಿ ಕನ್ನರ ಆಯಿತು. ಎಲ್ಲೋರದಲ್ಲಿ ಬೆಟ್ಟ ಕಡಿದು ಕೈಲಾಸ ದೇವಾಲಯ ಮಾಡಿಸಿದ 8ನೇ ಶತಮಾನದ ಒಂದನೇ ಕೃಷ್ಣನನ್ನು ನಮ್ಮ ಕೇರಿಯ ಕನ್ನಡದಲ್ಲಿ ಕರೆಯುವುದಾದರೆ ಕರಿಯಪ್ಪ ದೊರೆ ಅನ್ನಬೇಕು. ಇತಿಹಾಸದ ಮೇಷ್ಟ್ರುಗಳು ಒಂದು ದಿನ ತರಗತಿಯಲ್ಲಿ ಹಾಗೆ ಕರೆದು ನೋಡಲಿ. ಹಿಂದಿನ ಬೆಂಚಿನಲ್ಲಿ ಕೂತ ಒಬ್ಬ ಹುಡುಗ ತಲೆ ಎತ್ತುತ್ತಾನೆ.

ಕೆಂಪನ ಕತೆ ಇನ್ನೂ ಸ್ವಾರಸ್ಯದ್ದು. ದ್ರಾವಿಡ ಭಾಷೆಗಳನ್ನು ಹೋಲಿಸಿ ನೋಡಿದ ಪಂಡಿತರು ಒಂದು ಮಾತು ಹೇಳಿದ್ದಾರೆ. ಕೆಂಪಿಗೆ ತಮಿಳು, ಮಲಯಾಳಗಳಲ್ಲಿ 'ಚೆಂ' ಎಂದಿದೆ, ಕನ್ನಡದಲ್ಲಿ 'ಕೆಂ'. ಕಿವಿಗೆ ಅಲ್ಲಿ ಚೆವಿ, ಇಲ್ಲಿ ಕಿವಿ. ಮೊದಲಿದ್ದದ್ದು ಕಕಾರ, ಬೇರೆಯವರಲ್ಲಿ ಅದು ಚಕಾರವಾಯಿತು, ಕನ್ನಡ ಹಳೆಯದನ್ನು ಹಾಗೇ ಇಟ್ಟುಕೊಂಡಿತು. ಅಂದರೆ ಯಾವ ಕೆಂಪನ ಹೆಸರನ್ನು ಹಳ್ಳಿಗುಗ್ಗುವಿನ ಹೆಸರು ಅಂತ ನಗುತ್ತಾರೋ ಆ ಹೆಸರಿನ ಮೊದಲಕ್ಷರ ಈ ನುಡಿಗಳಲ್ಲಿ ಬಹಳ ಹಳೆಯ ಸದ್ದು. 1537ರಲ್ಲಿ ಬೆಂಗಳೂರು ಕಟ್ಟಿದವನ ಹೆಸರೂ ಇದೇ. ಕೆಂಪ. ಹಿಂದೆ ಒಂದು ಗೌಡ ಸೇರಿ ಕೆಂಪೇಗೌಡ. 2013ರಲ್ಲಿ ವಿಮಾನ ನಿಲ್ದಾಣಕ್ಕೆ ಆ ಹೆಸರಿಟ್ಟರು, 2022ರಲ್ಲಿ ಅಲ್ಲಿ 108 ಅಡಿ ಎತ್ತರದ ಪ್ರತಿಮೆ ನಿಲ್ಲಿಸಿದರು. ಸಂತೋಷವೇ. ಅದೇ ನಿಲ್ದಾಣದ ಕಸ ಗುಡಿಸಲು ಗುತ್ತಿಗೆಯಲ್ಲಿ ಸೇರುವ ನಮ್ಮ ಕೆಂಪನನ್ನು ಮೇಸ್ತ್ರಿ ಏನಂತ ಕೂಗುತ್ತಾನೆ? ಬಾಲ ಇಲ್ಲದ ಕೆಂಪ, ಅದರ ಮುಂದೊಂದು 'ಲೋ'.

ಗುಟ್ಟು ಇರುವುದು ಈ ಬಾಲದಲ್ಲಿ. ಕೆಂಪ ಎಂಬ ಹೆಸರು ಕೆಂಪೇಗೌಡನಾಗುತ್ತದೆ, ಕೆಂಪರಾಜನಾಗುತ್ತದೆ, ಕೆಂಪಯ್ಯನವರಾಗುತ್ತದೆ. ಕೇರಿಗೆ ಬಂದಾಗ ಬಾಲ ಕತ್ತರಿಸಿ ಬೀಳುತ್ತದೆ. ಎಪ್ಪತ್ತು ವರ್ಷದ ಮುದುಕನನ್ನು ಧಣಿ ಮನೆಯ ಏಳು ವರ್ಷದ ಕೂಸು 'ಲೋ ಕಾಳ' ಅನ್ನುತ್ತದೆ, ಅವನು 'ಬುದ್ಧೀ' ಅಂತ ಓಡುತ್ತಾನೆ. 1989ರ ದೌರ್ಜನ್ಯ ತಡೆ ಕಾಯ್ದೆ ನಾಲ್ಕು ಜನರ ಮುಂದೆ ಜಾತಿ ಎತ್ತಿ ಬೈದರೆ ಅಪರಾಧ ಅನ್ನುತ್ತದೆ. ಬರಿ ಒಂದು 'ಲೋ' ಹಿಡಿದುಕೊಂಡು ಯಾವ ಠಾಣೆಯ ಮೆಟ್ಟಿಲು ಹತ್ತೋದು? ಇದು ನಮ್ಮ ದೇಶದ ರೋಗ ಮಾತ್ರ ಅಂತಲೂ ಅಲ್ಲ. ನಮ್ಮ ಎಡಪಂಥದ ಗೆಳೆಯರು ಮಕ್ಕಳಿಗೆ ಪ್ರೀತಿಯಿಂದ ಇಡುವ ಕಾರ್ಲ್ ಎಂಬ ಹೆಸರಿನ ಮೂಲ ಅರ್ಥ ಗಂಡಾಳು, ಸಾಮಾನ್ಯ ಮನುಷ್ಯ. ಆ ಹೆಸರಿನ ಒಬ್ಬ ಚಕ್ರವರ್ತಿಯಾದ ಮೇಲೆ ಸ್ಲಾವ್ ಭಾಷೆಗಳಲ್ಲಿ ಅವನ ಹೆಸರೇ ರಾಜ ಎಂಬುದಕ್ಕೆ ಪದವಾಯಿತು. ಇಂಗ್ಲಿಷಿನಲ್ಲಿ ಅದರ ದಾಯಾದಿ ಪದ 'ಚರ್ಲ್' ಅಂತಾಗಿ ಒರಟ, ಗಮಾರ ಅನ್ನುವ ಬೈಗುಳವಾಯಿತು. ಬೇರು ಒಂದೇ. ಒಂದು ಕೊಂಬೆ ಸಿಂಹಾಸನಕ್ಕೆ ಹೋಯಿತು, ಇನ್ನೊಂದು ಹಟ್ಟಿಗೆ ಹೋಯಿತು.

ಇಷ್ಟೆಲ್ಲ ಹೇಳಿದರೆ ನಮ್ಮ ಓದಿದ ಗೆಳೆಯರು, ನೌಕರಿ ಸೇರಿದವರು, ಮುಖ ಸಿಂಡರಿಸುತ್ತಾರೆ. 'ಹೆಸರಿನಲ್ಲೇನಿದೆ ಮಾರಾಯ, ಬದಲಾಯಿಸಿಬಿಟ್ಟರೆ ಆಯ್ತಲ್ಲ. ಹಾಸ್ಟೆಲಿನಲ್ಲಿ ಮಗ ಕರಿಯ ಅನ್ನಿಸಿಕೊಂಡು ಯಾಕೆ ನರಳಬೇಕು?' ಅವರ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕುವ ಕಲ್ಲೆದೆ ನನಗಿಲ್ಲ. ಯಾರಿಗೆ ಯಾವ ಹೆಸರು ಬೇಕೋ ಇಟ್ಟುಕೊಳ್ಳಲಿ. ನಮ್ಮ ಚಳವಳಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಹೆಸರಿನಲ್ಲೂ ಕೃಷ್ಣ ಇದ್ದಾನೆ, ಅದರಿಂದ ಅವರ ಹೋರಾಟದ ತೂಕವೇನೂ ಕಡಿಮೆಯಾಗಲಿಲ್ಲ. ನನ್ನ ಜಗಳ ಇರುವುದು 'ಹೆಸರಿನಲ್ಲೇನಿದೆ' ಅನ್ನುವ ಮಾತಿನ ಜೊತೆ. ಹೆಸರಿನಲ್ಲಿ ಏನಿದೆ ಅಂತ ಕೇಳುತ್ತೀರಾ? ಎರಡು ಎಕರೆ ಭೂಮಿ ಇದೆ.

ಬಿಡಿಸಿ ಹೇಳುತ್ತೇನೆ. ಹಳೇ ಮೈಸೂರಿನ ಕಂದಾಯ ದಾಖಲೆಗಳಲ್ಲಿ ನಮ್ಮ ಅಜ್ಜಂದಿರೆಲ್ಲ 'ಬಿನ್' ಹಚ್ಚಿಕೊಂಡು ಕೂತಿದ್ದಾರೆ. ಕರಿಯ ಬಿನ್ ಕಾಳ. ಕೆಂಪ ಬಿನ್ ಕರಿಯ. ಹೆಂಗಸರಾದರೆ 'ಕೋಂ': ಕಾಳಿ ಕೋಂ ಕೆಂಪ. ಬಿನ್ ಅರಬ್ಬಿಯಿಂದ ಬಂದ ಮಾತು, ಇಂಥವನ ಮಗ ಎಂದರ್ಥ. ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ಜಮೀನಿನ ಸಾಗುವಳಿ ಚೀಟಿ ಈ ಹೆಸರುಗಳಲ್ಲೇ ಇದೆ. ಹಾಗೆ ಕೊಟ್ಟ ಭೂಮಿಯನ್ನು ಬರಗಾಲದಲ್ಲಿ, ಮದುವೆಯಲ್ಲಿ, ಕಾಯಿಲೆಯಲ್ಲಿ ನೂರಿನ್ನೂರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಲಾಢ್ಯರು ನುಂಗಿದರು. ಅದನ್ನು ವಾಪಸ್ಸು ಕೊಡಿಸಲೆಂದೇ 1978ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಭೂಮಿ ಪರಭಾರೆ ನಿಷೇಧ ಕಾಯ್ದೆ ಬಂತು. ನಾವು ಪಿ.ಟಿ.ಸಿ.ಎಲ್. ಅನ್ನುವುದು ಇದನ್ನೇ. ಅರ್ಜಿ ತಡವಾಯಿತು ಎಂದು ಕೋರ್ಟುಗಳು ತಳ್ಳಿಹಾಕತೊಡಗಿದಾಗ ಹೋರಾಟ ನಡೆದು, 2023ರಲ್ಲಿ ಕಾಲಮಿತಿ ಇಲ್ಲ ಅನ್ನುವ ತಿದ್ದುಪಡಿಯೂ ಬಂತು. ಕಾಯ್ದೆ ಇದೆ. ಆದರೆ ಕರಿಯ ಎಲ್ಲಿ?

ನಮ್ಮ ಮನೆಯದೇ ಹೇಳುತ್ತೇನೆ. ತಾತನ ಸಾಗುವಳಿ ಚೀಟಿಯಲ್ಲಿ 'ಕರಿಯ ಬಿನ್ ಕಾಳ' ಅಂತಿದೆ. ಅಪ್ಪನನ್ನು ಶಾಲೆಗೆ ಸೇರಿಸಿದಾಗ ಮೇಷ್ಟ್ರು, ಒಳ್ಳೆಯ ಮನಸ್ಸಿನಿಂದಲೇ ಇರಬಹುದು, 'ಕರಿಯ ಅಂತ ಹೆಂಗಯ್ಯ ಬರೆಯೋದು' ಅಂದು ತಂದೆಯ ಹೆಸರು ಕೃಷ್ಣಪ್ಪ ಅಂತ ಬರೆದುಬಿಟ್ಟರು. ಟಿ.ಸಿ.ಯಿಂದ ರೇಷನ್ ಕಾರ್ಡಿಗೆ, ರೇಷನ್ ಕಾರ್ಡಿನಿಂದ ವೋಟರ್ ಪಟ್ಟಿಗೆ, ಅಲ್ಲಿಂದ ಮರಣ ಪತ್ರದ ತನಕ ತಾತ ಕೃಷ್ಣಪ್ಪನಾಗಿಯೇ ಸತ್ತ. ಈಗ ಜಮೀನು ಕೇಳಲು ಹೋದರೆ ಎದುರು ಪಾರ್ಟಿಯ ವಕೀಲರು ಕೇಳುತ್ತಾರೆ: 'ಕರಿಯ ಯಾರು ಸ್ವಾಮಿ? ನೀವು ಕೃಷ್ಣಪ್ಪನ ಮೊಮ್ಮಕ್ಕಳು.' ವಂಶವೃಕ್ಷ ಮಾಡಿಸಲು ಹೋದಲ್ಲಿ ಗುಮಾಸ್ತೆಗೆ ನಾನು ಹೇಳಿದೆ, ಎರಡೂ ಒಂದೇ ಅರ್ಥ ಸಾರ್, ಕೃಷ್ಣ ಅಂದರೂ ಕರಿಯ ಅಂದರೂ ಕಪ್ಪೇ. ಅವರು ಕನ್ನಡಕದ ಮೇಲಿಂದ ನೋಡಿ ಅಂದರು: 'ನಂಗೆ ಅರ್ಥ ಬೇಡ ಕಣಪ್ಪ, ಅಕ್ಷರ ಬೇಕು.' ನೋಟರಿ ಹತ್ತಿರ ಹೋಗಿ 'ಕರಿಯ ಉರುಫ್ ಕೃಷ್ಣಪ್ಪ' ಅಂತ ಅಫಿಡವಿಟ್ ಮಾಡಿಸಿದ್ದಾಯಿತು. ಆ ಉರುಫ್ ನಿಜ ಅನ್ನಲು ಸಾಕ್ಷಿ ಬೇಕಂತೆ. ತಾತನನ್ನು ಕರಿಯ ಅಂತ ಕೂಗುತ್ತಿದ್ದವರಲ್ಲಿ ಹೆಚ್ಚಿನವರು ಮಣ್ಣಾಗಿದ್ದಾರೆ. ಬದುಕಿರುವ ಇಬ್ಬರು ಯಾರ ಮನೆಯ ಜಗಲಿ ಮೇಲೆ ಕೂತಿದ್ದಾರೆ ಅಂದರೆ, ಆ ಜಮೀನು ಉಳುತ್ತಿರುವವರ ಮನೆಯ ಜಗಲಿ ಮೇಲೆ.

ಇಂಥ ಉರುಫ್‌ಗಳು ಪ್ರತಿ ತಾಲ್ಲೂಕಿನಲ್ಲೂ ಅಲೆಯುತ್ತಿವೆ. ಕಾಳ ಉರುಫ್ ಕಾಂತರಾಜು. ಕೆಂಪ ಉರುಫ್ ಕೆಂಪರಾಜು. ಹೆಸರು 'ಸುಧಾರಿಸಿದ' ಪ್ರತಿ ಮನೆಯೂ ತನಗೆ ಗೊತ್ತಿಲ್ಲದೆಯೇ ಅಜ್ಜನಿಗೂ ಮೊಮ್ಮಗನಿಗೂ ನಡುವೆ ಒಂದು ಬೇಲಿ ಹಾಕಿಕೊಂಡಿತು. ಬೇಲಿಯ ಆಚೆ ಹೊಲ ಉಳಿಯಿತು. ಧಣಿಯ ಮನೆಯಲ್ಲಿ ಕೇಶವಯ್ಯನ ಮಗ ಕೃಷ್ಣಯ್ಯ, ಕೃಷ್ಣಯ್ಯನ ಮಗ ಕೇಶವ, ದಾಖಲೆ ನೀರಿನ ಹಾಗೆ ಹರಿಯುತ್ತದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಅವರ ಪದ್ಧತಿಯನ್ನು ನಾವು ಭಕ್ತಿ ಅಂದುಕೊಂಡೆವು. ಅದರಲ್ಲಿ ಆಸ್ತಿಯ ಲೆಕ್ಕವೂ ಇದೆ.

ಇನ್ನು ನಮ್ಮ ಸಾಹಿತಿಗಳು. ಇವರಿಗೆ ಕಾಳ, ಕರಿಯ, ಕೆಂಚ ಅಂದರೆ ಬಹಳ ಪ್ರೀತಿ. ಕಥೆಯಲ್ಲಿ, ನಾಟಕದಲ್ಲಿ, ಸಿನಿಮಾದಲ್ಲಿ ಗಾಡಿ ಹೊಡೆಯುವವನು, ಕೊಟ್ಟಿಗೆ ಬಳಿಯುವವನು ಬೇಕಾದಾಗ ಈ ಹೆಸರುಗಳು ತಾವಾಗಿಯೇ ಅವರ ಲೇಖನಿಗೆ ಬರುತ್ತವೆ. 'ಮಣ್ಣಿನ ಸೊಗಡು' ಅಂತ ವಿಮರ್ಶಕರು ಬರೆಯುತ್ತಾರೆ. ಕಾರಂತರ 'ಚೋಮನ ದುಡಿ'ಯಲ್ಲೂ ಚೋಮನಿಗೆ ಕಾಳ ಎಂಬ ಮಗನಿದ್ದಾನೆ. 1933ರ ಮಾತು, ಕಾರಂತರು ಕಂಡದ್ದನ್ನು ಬರೆದರು, ಅವರ ಮೇಲೆ ನನಗೆ ಕೋಪವಿಲ್ಲ. ಆಮೇಲಿನವರನ್ನು ಕೇಳುತ್ತೇನೆ. ಅಷ್ಟು ಸೊಗಡಿರುವ ಹೆಸರಾದರೆ ನಿಮ್ಮ ಮನೆಯ ತೊಟ್ಟಿಲಲ್ಲಿ ಒಂದು ಕಾಳ ಯಾಕೆ ಮಲಗಲಿಲ್ಲ?

ಸಾಹಿತ್ಯದಲ್ಲಿ ಕಾಳನಿಗೆ ಕೊಟ್ಟಿಗೆಯೇ ಗತಿ ಅಂತೇನೂ ಇರಲಿಲ್ಲ. 12ನೇ ಶತಮಾನದಲ್ಲಿ ಕಾಳವ್ವೆ ಎಂಬ ನಮ್ಮ ಹೆಂಗಸು ತಾನೇ ವಚನ ಹೇಳಿದಳು. ಪುಸ್ತಕಗಳು ಅವಳನ್ನು 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ' ಅಂತ ಗಂಡನಿಗೆ ಕಟ್ಟಿಯೇ ಕರೆಯುತ್ತವೆ, ಪಹಣಿಯ 'ಕೋಂ' ಥರವೇ. ಇದ್ದರೂ ಕಾಳವ್ವೆ ಕಾಳವ್ವೆಯಾಗಿಯೇ ಉಳಿದಿದ್ದಾಳೆ, ಕಲಾವತಿ ಆಗಲಿಲ್ಲ. ಡೋಹರ ಕಕ್ಕಯ್ಯ ತೊಗಲು ಹದ ಮಾಡುವ ತನ್ನ ಕುಲದ ಹೆಸರನ್ನು ಮುಂದಿಟ್ಟುಕೊಂಡೇ ಅನುಭವ ಮಂಟಪದಲ್ಲಿ ಕೂತ. ಅಲ್ಲಿಂದ ಏಳುನೂರು ವರ್ಷ ದಾಟಿ, ನಮ್ಮ ಗಡಿಯಾಚೆಯ ತಿರುವಾಂಕೂರಿಗೆ ಬನ್ನಿ. ಅಲ್ಲಿ 1863ರಲ್ಲಿ ಪುಲಯರ ಮನೆಯಲ್ಲಿ ಒಬ್ಬ ಹುಟ್ಟಿದ. ಅಪ್ಪನ ಹೆಸರು ಅಯ್ಯನ್, ಮಗನ ಹೆಸರು ಕಾಳಿ. ಪುಲಯರು ರಾಜರಸ್ತೆಯಲ್ಲಿ ನಡೆಯುವ ಹಾಗಿರಲಿಲ್ಲ. 1893ರಲ್ಲಿ ಕಾಳಿ ಒಂದು ಎತ್ತಿನ ಗಾಡಿ ಕೊಂಡ. ಬಿಳಿ ಬಟ್ಟೆ ಉಟ್ಟು, ಪೇಟ ಸುತ್ತಿ, ಆ ಗಾಡಿ ಏರಿ ರಸ್ತೆಯ ನಡುವೆ ಹೊಡೆದುಕೊಂಡು ಹೋದ. ಅವನು ರಸ್ತೆಯ ಕಾನೂನು ಬದಲಿಸಿದ, ಹೆಸರು ಬದಲಿಸಲಿಲ್ಲ. ಈವತ್ತು ಕೇರಳ ಅಯ್ಯನ್‌ಕಾಳಿ ಅಂತ ಪೂರ್ತಿ ಬಾಯಿ ತೆರೆದು ಹೇಳುತ್ತದೆ.

ಹೆಸರಿನ ಮಾತು ಬಂದಾಗ ಈ ರಾಜ್ಯದ್ದನ್ನೂ ಕೇಳಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೂ ಕಕಾರವೇ. ಕರುನಾಡು ಅಂದರೆ ಎತ್ತರದ ನಾಡು ಅಂತ ಕೆಲವು ವಿದ್ವಾಂಸರು, ಕರಿಯ ಮಣ್ಣಿನ ನಾಡು ಅಂತ ಇನ್ನು ಕೆಲವರು. ಎರಡನೆಯದೇ ನಿಜವಾದರೆ ವಿಧಾನಸೌಧದ ಹಣೆಯ ಮೇಲೂ ನಮ್ಮ ತಾತನ ಬಣ್ಣವೇ ಇದೆ. ಅದೇ ನವೆಂಬರಿನಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ನಾಡೆಲ್ಲ ಬೆಂಕಿಯಾಯಿತು. ಕರಿಯನ ಹೆಸರು ಹೊತ್ತ ನಾಡಿಗೆ ಕೇರಿಯ ಮಾತು ಸಹಿಸಲು ಒಂದು ತಿಂಗಳೂ ಆಗಲಿಲ್ಲ. ಅಂದಹಾಗೆ, ಆ ರಾಜ್ಯ ತನ್ನ ಹೆಸರು ಬದಲಿಸಿಕೊಂಡಾಗ 'ಮೈಸೂರು ಉರುಫ್ ಕರ್ನಾಟಕ' ಅಂತ ಯಾವ ನೋಟರಿ ಮುಂದೆ ಪ್ರಮಾಣ ಮಾಡಿತು? ಅದರ ಒಂದು ಗುಂಟೆಯೂ ಕೈಬಿಟ್ಟು ಹೋಗಲಿಲ್ಲ.

ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ಮುಂದಿನ ದಾಖಲಾತಿಗೆ ನಮ್ಮವರು ಮಕ್ಕಳ ಕೈ ಹಿಡಿದುಕೊಂಡು ನಿಮ್ಮ ಮೇಜಿನ ಮುಂದೆ ನಿಲ್ಲುತ್ತಾರೆ. ಮಗುವಿಗೆ ಕೀರ್ತನಾ ಅನ್ನಲಿ, ಕನಿಷ್ಕ ಅನ್ನಲಿ, ಕಾಳ ಅನ್ನಲಿ, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ. ತಂದೆಯ ಹೆಸರಿನ ಅಂಕಣಕ್ಕೆ ಬಂದಾಗ ನಿಮ್ಮ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ, ನನಗೆ ಗೊತ್ತು. ಆಗ ಆಧಾರ್ ಕಾರ್ಡ್ ಒಂದನ್ನೇ ನೋಡಬೇಡಿ. ಮನೆಯಲ್ಲಿ ಹಳೇ ಸಾಗುವಳಿ ಚೀಟಿ ಏನಾದರೂ ಇದೆಯೇನಪ್ಪಾ, ಅದರಲ್ಲಿ ತಾತನ ಹೆಸರು ಏನಂತಿದೆ ಅಂತ ಕೇಳಿ. ಅವರು ಸಂಕೋಚದಿಂದ 'ಕರಿಯ ಅಂತ ಐತೆ ಸಾ' ಅನ್ನುತ್ತಾರೆ. ಆ ಚೀಟಿಯನ್ನು ಹರಿಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಇಡಲು ಹೇಳಿ, ಎರಡು ಜೆರಾಕ್ಸ್ ಮಾಡಿಸಲು ಹೇಳಿ, ಆಮೇಲೆ ಹಾಜರಿ ಕೂಗಿ.